ಸಾಕ್ಷ್ಯಚಿತ್ರದಲ್ಲಿ ಸಾಕ್ಷ್ಯ ಎಷ್ಟು, ಚಿತ್ರ ಎಷ್ಟು?

ಮೂರು ಸೆಕೆಂಡಿನ ಒಂದು ವಿಡಿಯೊ ತುಣುಕು. ಅದಕ್ಕೆ 10 ಕೋಟಿ ರೂಪಾಯಿ ಪರಿಹಾರ ಕೇಳಿ ವಕೀಲರ ನೋಟಿಸ್. ನೆಟ್‌ಫ್ಲಿಕ್ಸ್‌ನಲ್ಲಿ ಬರಲಿದ್ದ ತಮ್ಮ ಬದುಕಿನ ಸಾಕ್ಷ್ಯಚಿತ್ರದ ವಿಷಯವಾಗಿ ನಟಿ ನಯನತಾರಾ 2024ರ ನವೆಂಬರ್‌ನಲ್ಲಿ ನಟ, ನಿರ್ಮಾಪಕ ಧನುಷ್ ಅವರಿಗೆ ಬಹಿರಂಗ ಪತ್ರ ಬರೆದಾಗ ಅವರ ಕಡೆಯಿಂದ ಬಂದಿದ್ದ ಆ ನೋಟಿಸಿನ ಲೆಕ್ಕ ಹೊರಬಿತ್ತು. ಕೆಜಿಎಫ್‌ನಲ್ಲಿ ತಮಿಳು, ಮುಳಬಾಗಿಲು, ಚಿಂತಾಮಣಿ, ಪಾವಗಡದಲ್ಲಿ ತೆಲುಗು ಸಿನಿಮಾ ನೋಡಿ ಬೆಳೆದವರಿಗೆ ಇಂಥದ್ದು ಪಕ್ಕದ ರಾಜ್ಯದ ಸುದ್ದಿ ಅನಿಸುವುದೇ ಇಲ್ಲ. ಯಾರಿಗಾದರೂ ಮೊದಲು ಬರುವ ಪ್ರಶ್ನೆ ಒಂದೇ: ಅವರದ್ದೇ ಬದುಕು, ಅವರದ್ದೇ ಮುಖ, ದುಡ್ಡು ಮಾತ್ರ ಇನ್ನೊಬ್ಬರಿಗೆ ಯಾಕೆ?

ಇದೇ ಸಾಕ್ಷ್ಯಚಿತ್ರ ಅನ್ನೋ ಹೆಸರಿನಡಿ ಬೇರೆ ಸುದ್ದಿಗಳೂ ಬರುತ್ತಿವೆ. ಅಮೆರಿಕದಲ್ಲಿ ಒಂದು ಸರಣಿ ಬಂದ ಮೇಲೆ ಹೆಸರಾಂತ ಗಾಯಕ ಜೈಲು ಸೇರಿದ. ಇನ್ನೊಂದು ಬಂದ ವರ್ಷವೇ ಗಾಯಕಿಯೊಬ್ಬರು 13 ವರ್ಷದ ಕಾನೂನು ಹಿಡಿತದಿಂದ ಹೊರಬಂದರು. ಇತ್ತ ಕೇರಳದಲ್ಲಿ ಚಿತ್ರರಂಗದ ಒಳಗಿನ ಕಥೆಯನ್ನು ಸರ್ಕಾರವೇ ನೇಮಿಸಿದ ಸಮಿತಿ ಬರೆದಿಟ್ಟಿತು. ಆದರೆ ಅಲ್ಲಿ ದಾಖಲಾದ ಪ್ರಕರಣಗಳನ್ನೇ ಕೈಬಿಡಬೇಕಾಯ್ತು. ಟಿವಿಯವರು ಮಾಡಿದ್ದು ಜೈಲಿನ ತನಕ ಹೋಯ್ತು, ಸರ್ಕಾರ ಮಾಡಿಸಿದ್ದು ಅರ್ಧದಲ್ಲೇ ನಿಂತಿತು. ಇದು ಹೇಗೆ?

ಹೆಸರೇ ಸ್ವಲ್ಪ ದಾರಿ ತಪ್ಪಿಸುತ್ತೆ

ಡಾಕ್ಯುಮೆಂಟರಿಗೆ ಕನ್ನಡದಲ್ಲಿ ಸಾಕ್ಷ್ಯಚಿತ್ರ ಅಂತ ಹೆಸರಿಟ್ಟವರು ಯಾರೋ, ಒಳ್ಳೆಯ ಹೆಸರನ್ನೇ ಇಟ್ಟರು. ತೊಂದರೆ ಏನೆಂದರೆ, ಸಾಕ್ಷ್ಯ ಅಂದ ಕೂಡಲೇ ಕಟಕಟೆ, ಪ್ರಮಾಣವಚನ, ಪಾಟೀಸವಾಲು ನೆನಪಾಗುತ್ತೆ. ಸಾಕ್ಷ್ಯಚಿತ್ರದಲ್ಲಿ ಇವು ಯಾವುವೂ ಇರುವುದಿಲ್ಲ. ಒಬ್ಬರು ಕ್ಯಾಮೆರಾ ಮುಂದೆ ಕೂತು ನಾಲ್ಕು ಗಂಟೆ ಮಾತಾಡುತ್ತಾರೆ ಅಂದುಕೊಳ್ಳಿ. ಎಡಿಟಿಂಗ್ ಮುಗಿದಾಗ ಅದು ನಾಲ್ಕು ನಿಮಿಷ. ಯಾವ ನಾಲ್ಕು ನಿಮಿಷ ಉಳಿಯಬೇಕು ಅಂತ ತೀರ್ಮಾನಿಸುವವರು ಮಾತಾಡಿದವರಲ್ಲ. ಅದರ ಹಿಂದೆ ಒಂದು ಪಿಟೀಲಿನ ಎಳೆ ಸೇರುತ್ತೆ. ಆರೋಪ ಹೊತ್ತವರ ಪಾಲಿಗೆ ಕೊನೆಯಲ್ಲಿ ಕಪ್ಪು ಪರದೆ ಮೇಲೆ ಒಂದೇ ಸಾಲು: ‘ಪ್ರತಿಕ್ರಿಯೆ ನೀಡಲಿಲ್ಲ’.

ಹಾಗಂತ ಅದರಲ್ಲಿ ಇರುವುದೆಲ್ಲ ಸುಳ್ಳು ಅಂತಲ್ಲ. ಕೋರ್ಟು ಮುಚ್ಚಿಟ್ಟ ಕಾಗದಗಳನ್ನು ಹೊರಗೆ ತೆಗೆಸಿದ ಸಾಕ್ಷ್ಯಚಿತ್ರಗಳೂ ಇವೆ. 2024ರ ಮಾರ್ಚ್‌ನಲ್ಲಿ ಬಂದ, ಅಮೆರಿಕದ ನಿಕಲೋಡಿಯನ್ ಮಕ್ಕಳ ಚಾನೆಲ್‌ನ ಒಳಗನ್ನು ತೋರಿಸಿದ ಸರಣಿ ಅಂಥದ್ದು. ಆ ಚಾನೆಲ್‌ನ ಬಾಲನಟನಾಗಿದ್ದ ಡ್ರೇಕ್ ಬೆಲ್, ತನ್ನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿತ್ತು ಎಂದು ಮೊದಲ ಸಲ ಹೆಸರು ಹೇಳಿಕೊಂಡು ಮಾತಾಡಿದ್ದು ಅದರಲ್ಲಿ. ಆರೋಪಿಗೆ 2004ರಲ್ಲೇ 16 ತಿಂಗಳ ಶಿಕ್ಷೆ ಆಗಿತ್ತು. ಆ ಮನುಷ್ಯನನ್ನು ಹೊಗಳಿ, ಕಡಿಮೆ ಶಿಕ್ಷೆ ಕೊಡಿ ಎಂದು ಚಿತ್ರರಂಗದವರೇ ನ್ಯಾಯಾಧೀಶರಿಗೆ ಬರೆದಿದ್ದ ಪತ್ರಗಳು 20 ವರ್ಷ ಮುಚ್ಚಿದ ಫೈಲಿನಲ್ಲಿದ್ದವು. ಸರಣಿ ಮಾಡಿದವರು ಅವನ್ನು ತೆರೆಸಿದರು. ಇದು ನಿಜಕ್ಕೂ ಸಾಕ್ಷ್ಯ. ಅದೇ ಸರಣಿಯ ವಿರುದ್ಧ ಚಾನೆಲ್‌ನ ಹಳೆಯ ನಿರ್ಮಾಪಕ ಡ್ಯಾನ್ ಶ್ನೈಡರ್ ಮಾನಹಾನಿ ದಾವೆ ಹೂಡಿದರು. ಮಕ್ಕಳ ಮೇಲೆ ದೌರ್ಜನ್ಯ ಮಾಡಿದವರ ಸಾಲಿಗೆ ತನ್ನನ್ನೂ ಸೇರಿಸುವಂತೆ ಟ್ರೈಲರ್ ಮತ್ತು ದೃಶ್ಯಗಳನ್ನು ಜೋಡಿಸಿದ್ದಾರೆ ಅನ್ನೋದು ಅವರ ದೂರು. ಕಾಗದ ತೆರೆಸಿದ್ದು ಸಾಕ್ಷ್ಯದ ಪಾಲು, ಜೋಡಣೆಯ ತಕರಾರು ಚಿತ್ರದ ಪಾಲು. ಎರಡೂ ಒಂದೇ ಸರಣಿಯಲ್ಲಿವೆ.

ಯಾರ ದುಡ್ಡು, ಯಾರ ಕತ್ತರಿ

ಇನ್ನೊಂದು ಗೊಂದಲ ಬಿಡಿಸಿಕೊಳ್ಳೋದು ಸುಲಭ. ತಾರೆಯೇ ಒಪ್ಪಿ, ಕೆಲವು ಸಲ ತಾರೆಯ ಕಂಪನಿಯೇ ನಿರ್ಮಾಣದಲ್ಲಿ ಪಾಲುದಾರನಾಗಿ ಮಾಡಿಸುವ ಸಾಕ್ಷ್ಯಚಿತ್ರ ಒಂದು ಜಾತಿ. ಮದುವೆ ಮನೆ, ಬಾಲ್ಯದ ಫೋಟೊ, ಒಂದು ಹನಿ ಕಣ್ಣೀರು, ಕೊನೆಗೆ ಗೆಲುವು. ಅದೊಂದು ಬಗೆಯ ಆತ್ಮಕಥೆ. ತಪ್ಪೇನಿಲ್ಲ, ಆದರೆ ‘ಒಳಗಿನ ಸತ್ಯ’ ಅಂತ ಜಾಹೀರಾತು ಕೊಟ್ಟಾಗ ಸ್ವಲ್ಪ ಅನುಮಾನ ಇಟ್ಟುಕೊಂಡೇ ನೋಡಬೇಕು. ಪತ್ರಕರ್ತರು ತಾರೆಯ ಒಪ್ಪಿಗೆ ಇಲ್ಲದೆಯೇ ಮಾಡುವುದು ಇನ್ನೊಂದು ಜಾತಿ. ಮೊದಲನೆಯದರಲ್ಲಿ ಒಳಗಿನ ದೃಶ್ಯ ಧಾರಾಳ, ಕಷ್ಟದ ಪ್ರಶ್ನೆ ಕಮ್ಮಿ. ಎರಡನೆಯದರಲ್ಲಿ ಪ್ರಶ್ನೆ ಜಾಸ್ತಿ, ಆದರೆ ಬಾಗಿಲೇ ತೆರೆಯೋದಿಲ್ಲ. ಕೊನೆಯಲ್ಲಿ ಓಡುವ ಹೆಸರುಗಳ ಪಟ್ಟಿಯಲ್ಲಿ ನಿರ್ಮಾಪಕರು ಯಾರು ಅಂತ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತೆ.

ಒಳ್ಳೆ ಉದ್ದೇಶದ ಚಿತ್ರವೂ ಅದರ ನಾಯಕಿಗೆ ಹಿತವಾಗಿರಬೇಕು ಅಂತೇನಿಲ್ಲ. ಗಾಯಕಿ ಬ್ರಿಟ್ನಿ ಸ್ಪಿಯರ್ಸ್ ಅವರ ಹಣ, ಕೆಲಸ, ದಿನಚರಿ ಎಲ್ಲವೂ 2008ರಿಂದ ಕೋರ್ಟು ನೇಮಿಸಿದ ಪೋಷಕರ ಕೈಯಲ್ಲಿದ್ದವು. ಅವರಲ್ಲಿ ಮುಖ್ಯರು ಅವರ ತಂದೆ. 2021ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಇದರ ಬಗ್ಗೆ ಸಾಕ್ಷ್ಯಚಿತ್ರ ತಂದಿತು. ಜೂನ್‌ನಲ್ಲಿ ಬ್ರಿಟ್ನಿ ಸ್ವತಃ ಕೋರ್ಟಿನಲ್ಲಿ ಮಾತಾಡಿದರು. ನವೆಂಬರ್ 12ಕ್ಕೆ ಆ ವ್ಯವಸ್ಥೆ ರದ್ದಾಯಿತು. ಎಲ್ಲ ಚೆನ್ನಾಗಿ ಮುಗಿಯಿತು ಅಂತ ನಾವು ಅಂದುಕೊಂಡೆವು. ಆದರೆ ನಡುವೆ ಬ್ರಿಟ್ನಿ ಬರೆದುಕೊಂಡಿದ್ದು ಬೇರೆ: ಚಿತ್ರವನ್ನು ಪೂರ್ತಿ ನೋಡಲಿಲ್ಲ, ನೋಡಿದಷ್ಟಕ್ಕೇ ಮುಜುಗರವಾಯ್ತು, ಎರಡು ವಾರ ಅತ್ತೆ.

ಮೂರು ಸೆಕೆಂಡಿನ ಲೆಕ್ಕ

ಈಗ ಆ 10 ಕೋಟಿಯ ವಿಷಯ. 1957ರ ನಮ್ಮ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯಲ್ಲಿ ಸಿನಿಮಾದ ‘ಕರ್ತೃ’ ಅಂದರೆ ನಿರ್ದೇಶಕರಲ್ಲ, ನಾಯಕಿಯೂ ಅಲ್ಲ, ನಿರ್ಮಾಪಕರು. ಪರದೆ ಮೇಲೆ ಕಾಣುವ ಮುಖ ನಿಮ್ಮದೇ ಇರಬಹುದು. ಆ ಮುಖ ಇರುವ ದೃಶ್ಯದ ಒಡೆಯ ದುಡ್ಡು ಹಾಕಿದವರು. ವಿವಾದದ ತುಣುಕು 2015ರ ತಮಿಳು ಚಿತ್ರವೊಂದರ ಸೆಟ್ಟಿನಲ್ಲಿ ತೆಗೆದದ್ದು. ಅದನ್ನು ನಿರ್ಮಿಸಿದ್ದು ಧನುಷ್ ಅವರ ಸಂಸ್ಥೆ, ನಿರ್ದೇಶಿಸಿದ್ದು ಮುಂದೆ ನಯನತಾರಾ ಅವರನ್ನು ಮದುವೆಯಾದ ವಿಘ್ನೇಶ್ ಶಿವನ್. ತುಣುಕು ಸಿನಿಮಾದ ದೃಶ್ಯವಲ್ಲ, ಸೆಟ್ಟಿನಲ್ಲಿ ಸ್ವಂತ ಸಾಧನದಲ್ಲಿ ತೆಗೆದ ವಿಡಿಯೊ ಅನ್ನೋದು ಒಂದು ಕಡೆಯ ವಾದ. ಸೆಟ್ಟು ನಮ್ಮದು, ಅಲ್ಲಿ ಚಿತ್ರೀಕರಿಸಿದ್ದೆಲ್ಲ ನಮ್ಮದು ಅನ್ನೋದು ಇನ್ನೊಂದು ಕಡೆಯದು. ಧನುಷ್ ಅವರ ಸಂಸ್ಥೆ ಹೂಡಿದ ದಾವೆಯನ್ನು ಶುರುವಿನಲ್ಲೇ ತಳ್ಳಿಹಾಕಿ ಅಂತ ನೆಟ್‌ಫ್ಲಿಕ್ಸ್ ಕೇಳಿದ್ದನ್ನು ಮದ್ರಾಸ್ ಹೈಕೋರ್ಟ್ 2025ರ ಜನವರಿಯಲ್ಲಿ ಒಪ್ಪಲಿಲ್ಲ.

ಇದನ್ನು ಇಬ್ಬರು ತಾರೆಯರ ಮುನಿಸು ಅಂತ ನೋಡಿದರೆ ದೊಡ್ಡ ವಿಷಯ ಕೈತಪ್ಪುತ್ತೆ. ಅನುಮತಿ ಇಲ್ಲದೆ ತುಣುಕು ಬಳಸಲು ನಮ್ಮ ಕಾಯ್ದೆಯ 52ನೇ ಕಲಮು ಸ್ವಲ್ಪ ಜಾಗ ಬಿಟ್ಟಿದೆ: ಖಾಸಗಿ ಬಳಕೆ, ವಿಮರ್ಶೆ, ಪ್ರಚಲಿತ ಸುದ್ದಿಯ ವರದಿ. ಅಮೆರಿಕದಲ್ಲಿ ಈ ಜಾಗ ಇನ್ನೂ ಅಗಲ. ಈಗ ಒಬ್ಬ ನಿರ್ಮಾಪಕರ ಸೆಟ್ಟಿನಲ್ಲಿ ಅನ್ಯಾಯ ಆಗಿತ್ತು ಅಂತ ಯಾರೋ ಸಾಕ್ಷ್ಯಚಿತ್ರ ಮಾಡಲು ಹೊರಟರು ಅಂದುಕೊಳ್ಳಿ. ಅದಕ್ಕೆ ಬೇಕಾದ ದೃಶ್ಯಗಳ ಒಡೆಯ ಯಾರು? ಅದೇ ನಿರ್ಮಾಪಕರು. ಕಳ್ಳತನದ ದೂರು ಕೊಡೋಕೆ ಹೋದವನಿಗೆ, ‘ಪೆನ್ನು ಆರೋಪಿ ಹತ್ರ ಇದೆ, ಕೇಳಿ ಇಸ್ಕೊಂಡು ಬಾ’ ಅಂದ ಹಾಗೆ.

ಗಾಯಕ ಜೈಲಿಗೆ ಹೋದದ್ದು ಹೇಗೆ

ಆರ್. ಕೆಲ್ಲಿ ಅಮೆರಿಕದ ದೊಡ್ಡ ಗಾಯಕ. ಅಪ್ರಾಪ್ತ ಬಾಲಕಿಯರ ವಿಷಯದಲ್ಲಿ ಆತನ ಮೇಲೆ ದಶಕಗಳಿಂದ ದೂರುಗಳಿದ್ದವು. 2008ರಲ್ಲಿ ಒಂದು ಪ್ರಕರಣದಲ್ಲಿ ಖುಲಾಸೆಯೂ ಆಗಿದ್ದ. 2019ರ ಜನವರಿಯಲ್ಲಿ ಲೈಫ್‌ಟೈಮ್ ಚಾನೆಲ್ ಆರು ಕಂತಿನ ಸರಣಿ ಪ್ರಸಾರ ಮಾಡಿತು. ಫೆಬ್ರವರಿಯಲ್ಲಿ ಷಿಕಾಗೊದಲ್ಲಿ ಆರೋಪಪಟ್ಟಿ ಬಂತು. 2021ರಲ್ಲಿ ನ್ಯೂಯಾರ್ಕಿನ ಕೋರ್ಟು ತಪ್ಪಿತಸ್ಥ ಅಂತು, 2022ರಲ್ಲಿ 30 ವರ್ಷ ಶಿಕ್ಷೆ.

ಸರಣಿಯಿಂದಲೇ ಜೈಲು ಅಂತ ಇದನ್ನು ಓದಿಕೊಂಡರೆ ನಡುವಿನ ಒಂದು ಮೆಟ್ಟಿಲು ಬಿಟ್ಟುಹೋಗುತ್ತೆ. ಸರಣಿ ಪ್ರಸಾರವಾದ ವಾರದಲ್ಲೇ ಷಿಕಾಗೊದ ಸರ್ಕಾರಿ ಮುಖ್ಯ ವಕೀಲೆ ಕಿಮ್ ಫಾಕ್ಸ್ ಸುದ್ದಿಗೋಷ್ಠಿ ಕರೆದು, ‘ನೊಂದವರು, ಸಾಕ್ಷಿಗಳು ನಮ್ಮ ಹತ್ತಿರ ಬನ್ನಿ, ನೀವು ಬರದಿದ್ದರೆ ನಾವು ಏನೂ ಮಾಡಲಾಗದು’ ಎಂಬ ಅರ್ಥದಲ್ಲಿ ಬಹಿರಂಗವಾಗಿ ಕೇಳಿದರು. ಜನ ಬಂದರು. ನ್ಯೂಯಾರ್ಕಿನ ಕಟಕಟೆಯಲ್ಲಿ ನೊಂದವರು ಹೊಸದಾಗಿ ಪ್ರಮಾಣ ಮಾಡಿ ಹೇಳಿದರು, ಪಾಟೀಸವಾಲು ಎದುರಿಸಿದರು. ಶಿಕ್ಷೆ ಆದದ್ದು ಆ ಮಾತಿಗೆ. ಟಿವಿಯಲ್ಲಿ ಹೇಳಿದ್ದು ಅವರನ್ನು ಆ ಬಾಗಿಲ ತನಕ ಕರೆತಂದಿತ್ತು, ಬಾಗಿಲು ತೆರೆದಿತ್ತು.

ಕೇರಳದಲ್ಲಿ ಕೈಕೊಟ್ಟಿದ್ದು ಎಲ್ಲಿ

2017ರ ಫೆಬ್ರವರಿಯಲ್ಲಿ ಕೊಚ್ಚಿಯಲ್ಲಿ ನಟಿಯೊಬ್ಬರನ್ನು ಕಾರಿನಲ್ಲಿ ಅಪಹರಿಸಿ ದೌರ್ಜನ್ಯ ಎಸಗಲಾಯಿತು. ಅದರ ಬೆನ್ನಿಗೆ ಮಲಯಾಳ ಚಿತ್ರರಂಗದ ಹೆಣ್ಣುಮಕ್ಕಳು ಸಂಘಟನೆ ಕಟ್ಟಿಕೊಂಡು ಒತ್ತಾಯಿಸಿದರು. ಸರ್ಕಾರ ನಿವೃತ್ತ ನ್ಯಾಯಮೂರ್ತಿ ಕೆ. ಹೇಮಾ ಅವರ ಸಮಿತಿ ರಚಿಸಿತು. ವರದಿ ಸಲ್ಲಿಕೆಯಾದದ್ದು 2019ರ ಡಿಸೆಂಬರ್ ಕೊನೆಗೆ. ಜನರ ಕೈಗೆ ಬಂದದ್ದು 2024ರ ಆಗಸ್ಟ್ 19ಕ್ಕೆ. ಅದೂ ಹೆಸರುಗಳನ್ನು, ಕೆಲವು ಭಾಗಗಳನ್ನು ತೆಗೆದ ಮೇಲೆ, ಮಾಹಿತಿ ಹಕ್ಕಿನ ಹೋರಾಟದ ನಂತರ.

ಪತ್ರಿಕೆಗಳು ಅದರಲ್ಲಿ ದೊಡ್ಡ ಹೆಸರು ಹುಡುಕಿದವು. ಆದರೆ ವರದಿಯಲ್ಲಿ ಮನಸ್ಸಿಗೆ ನಾಟುವುದು ಸಣ್ಣವರ ಪಾಡು. ಜೂನಿಯರ್ ಆರ್ಟಿಸ್ಟ್‌ಗಳಾಗಿ ಬರುವ ಹೆಂಗಸರಿಗೆ ಹೊರಾಂಗಣ ಚಿತ್ರೀಕರಣದಲ್ಲಿ ಶೌಚಾಲಯ ಇಲ್ಲ, ಬಟ್ಟೆ ಬದಲಿಸಲು ಮರೆ ಇಲ್ಲ. ಅದಕ್ಕೆ ಅವರು ದಿನವಿಡೀ ನೀರನ್ನೇ ಕುಡಿಯೋದಿಲ್ಲ. ಹೀಗೆ ಮಾಡಿ ಮಾಡಿ ಮೂತ್ರದ ಸೋಂಕು. ದೌರ್ಜನ್ಯ ಅಂದರೆ ಮುಚ್ಚಿದ ಕೋಣೆಯ ಘಟನೆ ಮಾತ್ರ ಅಂದುಕೊಂಡವರಿಗೆ ಈ ನೀರಿನ ವಿಷಯ ಬಹಳ ಹೇಳುತ್ತೆ. ಸೆಟ್ಟಿನಲ್ಲಿ ನಾಯಕಿಗೆ ಕ್ಯಾರವಾನ್ ನಿಂತಿರುತ್ತೆ. ಐವತ್ತು ಹೆಜ್ಜೆ ಆಚೆ ಮದುವೆ ದೃಶ್ಯಕ್ಕೆ ಬಂದ ನೆಂಟರ ಪಾತ್ರದವರು ಬಾಟಲಿ ಮುಚ್ಚಳ ತೆಗೆಯದೆ ಬಿಸಿಲಿನಲ್ಲಿ ಕೂತಿರುತ್ತಾರೆ.

ವರದಿ ಬಂದ ಎರಡೇ ವಾರದಲ್ಲಿ ಕಲಾವಿದರ ಸಂಘದ ಕಾರ್ಯಕಾರಿ ಸಮಿತಿ ಪೂರ್ತಿ ರಾಜೀನಾಮೆ ಕೊಟ್ಟಿತು. ವಿಶೇಷ ತನಿಖಾ ತಂಡ ಬಂತು. ಸಮಿತಿ ಮುಂದೆ ಕೊಟ್ಟ ಹೇಳಿಕೆಗಳ ಮೇಲೆ ಪ್ರಕರಣಗಳು ದಾಖಲಾದವು. 2025ರಲ್ಲಿ ಅವನ್ನು ಕೈಬಿಡಬೇಕಾಯ್ತು. ಪೊಲೀಸರ ಮುಂದೆ ಬಂದು ಅದೇ ಮಾತು ಮತ್ತೆ ಹೇಳಲು ನೊಂದವರು ಒಪ್ಪಲಿಲ್ಲ. ಹೆಸರು ಗುಟ್ಟಾಗಿರುತ್ತೆ ಅನ್ನೋ ಭರವಸೆ ಮೇಲೆ ಸಮಿತಿಯ ಮುಂದೆ ಮಾತಾಡಿದವರು ಅವರು. ಐದು ವರ್ಷ ಫೈಲು ಕಪಾಟಿನಲ್ಲಿತ್ತು. ಆಮೇಲೆ ಏಕಾಏಕಿ ಪೊಲೀಸರು ಫೋನ್ ಮಾಡಿದರೆ ಯಾರು ಬರುತ್ತಾರೆ? ಷಿಕಾಗೊದಲ್ಲಿ ಸುಮಾರು ಏಳು ವಾರದಲ್ಲಿ ನಡೆದದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸದಲ್ಲಿ ಬಹುಪಾಲು ಈ ಐದು ವರ್ಷವೇ.

ಕರ್ನಾಟಕದಲ್ಲಿ ಅಷ್ಟೂ ಆಗಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಕನ್ನಡ ಚಿತ್ರರಂಗದವರ ‘ಫೈರ್’ ಸಂಘಟನೆ ಮುಖ್ಯಮಂತ್ರಿಯವರಿಗೆ ಮನವಿ ಕೊಟ್ಟು ಇಂಥದ್ದೇ ಸಮಿತಿ ಕೇಳಿತು. ಅದಕ್ಕೆ 150ಕ್ಕೂ ಹೆಚ್ಚು ಜನ ಸಹಿ ಹಾಕಿದ್ದರು. ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಮಹಿಳಾ ಆಯೋಗದ ಅಧ್ಯಕ್ಷರ ಜತೆ ಸಭೆ ನಡೆದಾಗ ನಿರ್ಮಾಪಕರಲ್ಲೇ ಸಾಕಷ್ಟು ವಿರೋಧ ಕೇಳಿಬಂತು. ಉದ್ಯಮ ಮೊದಲೇ ನಷ್ಟದಲ್ಲಿದೆ, ಹೆಸರು ಕೆಡಿಸಬೇಡಿ ಅನ್ನೋದು ಇಂಥ ಕಡೆ ಯಾವಾಗಲೂ ಬರುವ ವಾದ. ನಷ್ಟ ನಿಜವೇ ಇರಬಹುದು. ಶೌಚಾಲಯ ಇಲ್ಲದಿರೋದಕ್ಕೆ ಅದು ಉತ್ತರ ಆಗೋದಿಲ್ಲ.

ಕನ್ನಡದಲ್ಲಿ ಇಂಥ ಸಾಕ್ಷ್ಯಚಿತ್ರ ಮಾಡೋದು ಯಾಕೆ ಕಷ್ಟ

ಧೈರ್ಯ ಸಾಲದು ಅಂತ ಹೇಳೋದು ಸುಲಭ. ಆದರೆ ಕಾನೂನಿನ ಗೋಡೆಗಳೂ ಇವೆ. ಅಮೆರಿಕದಲ್ಲಿ ಹೆಸರಾಂತ ವ್ಯಕ್ತಿ ಮಾನಹಾನಿ ದಾವೆ ಗೆಲ್ಲಬೇಕಾದರೆ, ಸುಳ್ಳು ಅಂತ ಗೊತ್ತಿದ್ದೂ ಅಥವಾ ಸತ್ಯವೋ ಸುಳ್ಳೋ ಅನ್ನುವುದನ್ನು ಲೆಕ್ಕಿಸದೆ ಹೇಳಿದರು ಎಂದು ತೋರಿಸಬೇಕು. ನಮ್ಮಲ್ಲಿ ಮಾನಹಾನಿ ಕ್ರಿಮಿನಲ್ ಅಪರಾಧವೂ ಹೌದು. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಎರಡು ವರ್ಷದವರೆಗೆ ಜೈಲು. ಹೇಳಿದ್ದು ಸತ್ಯ ಅಂದರಷ್ಟೇ ಸಾಲದು, ಅದನ್ನು ಹೇಳಿದ್ದು ಸಾರ್ವಜನಿಕ ಹಿತಕ್ಕೆ ಅಂತಲೂ ತೋರಿಸಬೇಕು. ಸತ್ತವರ ಬಗ್ಗೆ ಮಾತಾಡಿದರೂ, ಮನೆಯವರ ಮನಸ್ಸು ನೋಯಿಸುವ ಉದ್ದೇಶ ಇತ್ತು ಅಂತಾದರೆ ಮಾನಹಾನಿಯೇ. ಅಮೆರಿಕದಲ್ಲಿ ಸತ್ತವರಿಗೆ ಮಾನಹಾನಿ ಇಲ್ಲ. ಅದಕ್ಕೇ ಮೈಕೆಲ್ ಜಾಕ್ಸನ್ ಬಗ್ಗೆ 2019ರಲ್ಲಿ ಸಾಕ್ಷ್ಯಚಿತ್ರ ಬಂದಾಗ ಅವರ ಆಸ್ತಿ ನೋಡಿಕೊಳ್ಳುವವರು ಬೇರೆ ದಾರಿ ಹುಡುಕಿದರು. 1992ರಲ್ಲಿ ಒಂದು ಸಂಗೀತ ಕಾರ್ಯಕ್ರಮದ ಪ್ರಸಾರಕ್ಕೆ ಈ ಸಾಕ್ಷ್ಯಚಿತ್ರ ತೋರಿಸಿದ ಎಚ್‌ಬಿಒ ಚಾನೆಲ್ ಮಾಡಿಕೊಂಡ ಕರಾರಿನಲ್ಲಿ ‘ಹೆಸರಿಗೆ ಕಳಂಕ ತರುವಂತಿಲ್ಲ’ ಅನ್ನೋ ಷರತ್ತು ಇತ್ತು. 27 ವರ್ಷದ ಮೇಲೆ ಅದನ್ನೇ ಹಿಡಿದು ಕೋರ್ಟಿಗೆ ಹೋದರು.

ಇನ್ನೊಂದು ಗೋಡೆ ಒಳ್ಳೆಯ ಉದ್ದೇಶಕ್ಕೇ ಕಟ್ಟಿದ್ದು. ಅತ್ಯಾಚಾರಕ್ಕೊಳಗಾದವರ ಗುರುತು ಬಯಲು ಮಾಡುವುದು ಅದೇ ಸಂಹಿತೆಯ 72ನೇ ಕಲಮಿನಡಿ ಅಪರಾಧ. ಅವರೇ ಬರೆದು ಒಪ್ಪಿಗೆ ಕೊಟ್ಟರೆ ವಿನಾಯಿತಿ ಇದೆ. ಮುಖ ತೋರಿಸಿ ಮಾತಾಡಿಸುವ ಅಮೆರಿಕದ ಮಾದರಿ ಇಲ್ಲಿ ಹಾಗೇ ನಡೆಯೋದಿಲ್ಲ. ಮಸುಕಾದ ಮುಖ, ಬದಲಾಯಿಸಿದ ದನಿಗೆ ಪರದೆ ಮೇಲೆ ಬೆಲೆ ಕಮ್ಮಿ, ಅದಕ್ಕೇ ದುಡ್ಡು ಹಾಕುವವರೂ ಕಮ್ಮಿ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಪಾಲು

ಬೆಂಗಳೂರಿಗೆ ಈ ಮೂರೂ ಜಿಲ್ಲಾ ಕೇಂದ್ರಗಳು ಎಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲಿವೆ. ಜೂನಿಯರ್ ಆರ್ಟಿಸ್ಟ್ ಕೆಲಸಕ್ಕೆ ಇಲ್ಲಿಂದ ಬೆಳಿಗ್ಗೆ ಹೋಗಿ ರಾತ್ರಿ ವಾಪಸ್ ಬರಬಹುದು. ಶೂಟಿಂಗ್ ಯೂನಿಟ್‌ಗಳೂ ಇತ್ತ ಬರುತ್ತವೆ: ನಂದಿಬೆಟ್ಟ, ದೇವರಾಯನದುರ್ಗ, 2001ರಲ್ಲಿ ಗಣಿ ಮುಚ್ಚಿದ ಮೇಲೆ ಉಳಿದ ಕೆಜಿಎಫ್‌ನ ಸೈನೈಡ್ ದಿಬ್ಬಗಳು. ದಿನಗೂಲಿ, ಬೇಟಾ ಅನ್ನೋ ದಿನಭತ್ಯೆ, ಏಜೆಂಟ್ ಕಮಿಷನ್, ಪ್ಯಾಕಪ್ ಆದಮೇಲೆ ಮನೆ. ಕೈಯಲ್ಲಿ ಒಂದು ಚೀಟಿಯೂ ಇರೋದಿಲ್ಲ.

ಹೀಗೆ ದುಡಿಯುವವರಿಗೆ ಕಾನೂನು ಇಲ್ಲ ಅಂತಲ್ಲ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ದಿನಗೂಲಿಯವರನ್ನೂ, ಏಜೆಂಟ್ ಮೂಲಕ ಬಂದವರನ್ನೂ ಉದ್ಯೋಗಿ ಅಂತಲೇ ಲೆಕ್ಕಿಸುತ್ತೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಬೇಕು. ಸಿನಿಮಾ ನಿರ್ಮಾಣ ಘಟಕಕ್ಕೂ ಇದು ಅನ್ವಯ ಅಂತ ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ಆದರೆ ಯೂನಿಟ್ ಅನ್ನೋದು ಜಾತ್ರೆಯ ಅಂಗಡಿ ಇದ್ದ ಹಾಗೆ, ನಲವತ್ತು ದಿನಕ್ಕೆ ಗಂಟು ಕಟ್ಟುತ್ತೆ. ದೂರು ಕೊಡಲು ಮೂರು ತಿಂಗಳು ಕಾಲಾವಕಾಶ ಇದೆ, ದೂರು ಕೇಳುವವರು ಅಷ್ಟರಲ್ಲಿ ಇನ್ನೊಂದು ಸಿನಿಮಾದಲ್ಲಿರುತ್ತಾರೆ. ಹತ್ತಕ್ಕಿಂತ ಕಮ್ಮಿ ಜನ ಇದ್ದರೆ, ಅಥವಾ ದೂರು ಮಾಲೀಕನ ಮೇಲೇ ಇದ್ದರೆ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬಹುದು. ಪ್ರತಿ ಜಿಲ್ಲೆಯಲ್ಲೂ ಇರಲೇಬೇಕಾದ ಸಮಿತಿ ಅದು.

ಮಕ್ಕಳ ವಿಷಯದಲ್ಲಿ ನಿಯಮ ಇನ್ನೂ ಖಚಿತ. ಟಿವಿ ರಿಯಾಲಿಟಿ ಶೋ ಬಂದ ಮೇಲೆ ಇದು ಸಿನಿಮಾದವರ ಮನೆಗಷ್ಟೇ ಸೇರಿದ ವಿಷಯ ಅಲ್ಲ. ಬಾಲಕಾರ್ಮಿಕ ಕಾಯ್ದೆಯ 2017ರ ತಿದ್ದುಪಡಿ ನಿಯಮಗಳ ಪ್ರಕಾರ 14 ವರ್ಷದೊಳಗಿನ ಮಗುವಿನ ಪಾತ್ರ ಇದ್ದರೆ ನಿರ್ಮಾಪಕರು ಚಿತ್ರೀಕರಣ ನಡೆಯುವ ಜಿಲ್ಲೆಯ ಜಿಲ್ಲಾ ದಂಡಾಧಿಕಾರಿಯ, ಅಂದರೆ ಡಿಸಿಯವರ ಅನುಮತಿ ಪಡೆಯಬೇಕು. ದಿನಕ್ಕೆ ಐದು ಗಂಟೆಗಿಂತ ಜಾಸ್ತಿ ಕೆಲಸ ಇಲ್ಲ. ಬಿಡುವಿಲ್ಲದೆ ಮೂರು ಗಂಟೆ ದಾಟುವಂತಿಲ್ಲ. ಸತತ 27 ದಿನಕ್ಕಿಂತ ಹೆಚ್ಚು ದುಡಿಸುವಂತಿಲ್ಲ. ಮಗುವಿನ ಗಳಿಕೆಯಲ್ಲಿ ಕನಿಷ್ಠ ಶೇ 20 ಮಗುವಿನ ಹೆಸರಿನಲ್ಲೇ ರಾಷ್ಟ್ರೀಕೃತ ಬ್ಯಾಂಕಿನ ಠೇವಣಿಗೆ ಹೋಗಬೇಕು. ಶಿರಾದ ಒಂದು ಮಗುವಿಗೆ 50,000 ರೂಪಾಯಿ ಸಿಕ್ಕಿತು ಅಂದುಕೊಂಡರೆ 10,000 ಎಫ್‌ಡಿ. ಅದು ಮಗು ದೊಡ್ಡದಾದಾಗ ಅದರ ಕೈಗೆ. ಆದರೆ ಶಿರಾದಿಂದ ಸ್ಟುಡಿಯೊಗೆ ಹೋಗಿಬರುವ ಹೊತ್ತಿನ ಬಗ್ಗೆ ನಿಯಮದ ಆ ಐದು ಗಂಟೆ ಏನೂ ಹೇಳುವುದಿಲ್ಲ.

ಇಂಥ ನಿಯಮದ ಮೂಲ ಹುಡುಕಿದರೆ ಮತ್ತೆ ಹಾಲಿವುಡ್ಡಿಗೇ ಹೋಗಬೇಕು. 1921ರಲ್ಲಿ ಚಾಪ್ಲಿನ್ ಜತೆ ನಟಿಸಿ ಜಗತ್ಪ್ರಸಿದ್ಧನಾದ ಜಾಕಿ ಕೂಗನ್ ದೊಡ್ಡವನಾಗಿ ನೋಡಿದಾಗ ದುಡಿದದ್ದೆಲ್ಲ ಅಮ್ಮ, ಮಲತಂದೆ ಖರ್ಚು ಮಾಡಿ ಮುಗಿಸಿದ್ದರು. 1939ರಲ್ಲಿ ಕ್ಯಾಲಿಫೋರ್ನಿಯಾ ಆತನ ಹೆಸರಿನಲ್ಲೇ ಕಾನೂನು ತಂದಿತು. ಮಕ್ಕಳನ್ನು ಇಟ್ಟುಕೊಂಡು ಆನ್‌ಲೈನ್ ವಿಡಿಯೊ ಮಾಡುವವರಿಗೂ ಈ ರಕ್ಷಣೆಯನ್ನು 2024ರಲ್ಲಿ ವಿಸ್ತರಿಸಿತು. ಬಾಲತಾರೆಯರ ಸಾಕ್ಷ್ಯಚಿತ್ರಗಳು ಎಬ್ಬಿಸಿದ ಚರ್ಚೆ ಬಿಸಿಯಾಗಿದ್ದ ವರ್ಷವೇ ಅದು. ನಮ್ಮಲ್ಲಿ ಅಪ್ಪ ಅಮ್ಮನೇ ಮಾಡುವ ರೀಲ್ಸ್ ಕಥೆ ಬೇರೆ, ಅದಕ್ಕೆ ಇನ್ನೊಂದು ಲೇಖನ ಬೇಕು.

ಮುಂದೇನಾಗಬಹುದು

ತಾರೆಯರೇ ಮಾಡಿಸುವ ಸಾಕ್ಷ್ಯಚಿತ್ರ ಜಾಸ್ತಿಯಾಗುತ್ತೆ. ಅದಕ್ಕೆ ಮಾರುಕಟ್ಟೆ ಇದೆ, ಅಪಾಯ ಕಮ್ಮಿ. ಸೆಟ್ಟಿನಲ್ಲಿ ಫೋನ್ ತೆಗೆಯಬಾರದು, ತೆಗೆದ ವಿಡಿಯೊ ಎಲ್ಲ ಕಂಪನಿಗೇ ಸೇರಿದ್ದು ಅನ್ನೋ ಷರತ್ತು ಕರಾರುಗಳಲ್ಲಿ ಇನ್ನಷ್ಟು ಬಿಗಿಯಾಗಬಹುದು. ಆ ಮೂರು ಸೆಕೆಂಡಿನಿಂದ ನಿರ್ಮಾಪಕರು ಕಲಿಯುವ ಪಾಠ ಇದೇ. ಅದರ ಏಟು ಬೀಳೋದು ನಾಯಕಿಗಲ್ಲ. ಊಟದ ತಟ್ಟೆಯ, ಮಲಗಿದ ಜಾಗದ ಫೋಟೊ ತೆಗೆದಿಟ್ಟುಕೊಂಡ ಸಹ ಕಲಾವಿದರಿಗೆ.

ಒಂದು ಒಳ್ಳೆಯದೂ ಇದೆ. ಸಿನಿಮಾ, ರಂಗಭೂಮಿ ಕಾರ್ಮಿಕರ ಕ್ಷೇಮನಿಧಿಗೆ ಟಿಕೆಟ್ ಮತ್ತು ಒಟಿಟಿ ಚಂದಾ ಮೇಲೆ ಶೇ 1ರಿಂದ 2ರಷ್ಟು ಸೆಸ್ ಹಾಕುವ ಕಾನೂನನ್ನು ಕರ್ನಾಟಕ 2024ರಲ್ಲಿ ಮಾಡಿದೆ. ಅದರ ಉಪಯೋಗ ಸಿಗಬೇಕಾದರೆ ಕಾರ್ಮಿಕರ ಹೆಸರು ನೋಂದಣಿಯಾಗಬೇಕು. ಚೀಟಿಯೇ ಇಲ್ಲದವರಿಗೆ ಅದು ಮೊದಲ ಚೀಟಿ.

ಇನ್ನು ಇಲ್ಲಿಯ ಹುಡುಗರೇ ಫೋನ್ ಹಿಡಿದು ಸಾಕ್ಷ್ಯಚಿತ್ರ ಮಾಡುತ್ತೇವೆ ಅಂದರೆ ವಿಷಯಕ್ಕೇನು ಕೊರತೆ? 1884ರಲ್ಲಿ ಶುರುವಾದ ಗುಬ್ಬಿ ಕಂಪನಿ ತುಮಕೂರು ಜಿಲ್ಲೆಯದು. ವೀರಣ್ಣನವರು ಕಂಪನಿ ಸೇರಿದ್ದು ಚಿಕ್ಕ ಹುಡುಗನಾಗಿದ್ದಾಗಲೇ. ತಿಪಟೂರಿನ ನರಸಿಂಹರಾಜು ಬಣ್ಣ ಹಚ್ಚಿದ್ದೂ ಬಾಲ್ಯದಲ್ಲೇ. ಭಾರತದಲ್ಲಿ ಸಿನಿಮಾದ ಹಕ್ಕು ಬಿಡುಗಡೆಯ ನಂತರ 60 ವರ್ಷ. ಹಾಗಾಗಿ 1964ರವರೆಗೆ ತೆರೆಕಂಡ ಚಿತ್ರಗಳ ದೃಶ್ಯಕ್ಕೆ ಯಾರೂ ನೋಟಿಸ್ ಕಳಿಸುವಂತಿಲ್ಲ. ಹಾಡಿನ ಹಕ್ಕು ಮಾತ್ರ ಬೇರೆ ಇರಬಹುದು, ನೋಡಿಕೊಳ್ಳಬೇಕು. ರಾಜಕುಮಾರ್, ನರಸಿಂಹರಾಜು ಇಬ್ಬರೂ ಮೊದಲು ಗಮನ ಸೆಳೆದ 1954ರ ‘ಬೇಡರ ಕಣ್ಣಪ್ಪ’ ಆ ಲೆಕ್ಕದಲ್ಲಿ ಎಂದೋ ಹಕ್ಕಿನಿಂದ ಮುಕ್ತವಾಗಿದೆ. ಆದರೆ ನಾಟಕ ಕಂಪನಿಗಳ ಡೇರೆ ಹಿಂದೆ ಮಲಗುತ್ತಿದ್ದ ಹುಡುಗರಿಗೆ ತಿಂಗಳಿಗೆ ಎಷ್ಟು ಕೊಡುತ್ತಿದ್ದರು, ಅದನ್ನು ಯಾರ ಕೈಗೆ ಕೊಡುತ್ತಿದ್ದರು ಅನ್ನೋದು ಆ ರೀಲುಗಳಲ್ಲಿ ಇಲ್ಲ. ಅದನ್ನು ಹೇಳಬಲ್ಲವರಿಗೆ ಈಗ ಎಂಬತ್ತು ದಾಟಿದೆ.